ಎಡಗಾಲಿನ ಪಂದ್ಯಾವಳಿ: ರಹೀಂ ಸಾಹೇಬರ ಮೇಷ್ಟ್ರುಗಿರಿ

(ಮಕ್ಕಳಿಗೆ ಫುಟ್‌ಬಾಲ್ ಕಲಿಸುವವರು ಮತ್ತು ಪೋಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದೆ.)

ಎಲ್ಲರಿಗೂ ನಮಸ್ಕಾರ.

ಭಾರತ ಫುಟ್‌ಬಾಲ್ ತಂಡದ ಕೋಚ್ ಆಗಿದ್ದ ಸೈಯದ್ ಅಬ್ದುಲ್ ರಹೀಂ ಅಂದ ಕೂಡಲೇ ಮಾತು ನೇರ ಜಕಾರ್ತಕ್ಕೆ ಹೋಗಿ ನಿಲ್ಲುತ್ತದೆ. 1962ರ ಸೆಪ್ಟೆಂಬರ್ 4, ಏಷ್ಯನ್ ಗೇಮ್ಸ್ ಫೈನಲ್, ದಕ್ಷಿಣ ಕೊರಿಯಾ ಎದುರು ಭಾರತಕ್ಕೆ 2-1 ಗೆಲುವು. ಒಂದು ಗೋಲು ಪಿ.ಕೆ. ಬ್ಯಾನರ್ಜಿಯವರದು, ಇನ್ನೊಂದು ತಲೆಗೆ ಹೊಲಿಗೆ ಹಾಕಿಸಿಕೊಂಡು ಆಡಿದ ಜರ್ನೈಲ್ ಸಿಂಗ್ ಅವರದು. ಅದಕ್ಕೂ ಹಿಂದೆ 1951ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಚಿನ್ನ, 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಜಕಾರ್ತಕ್ಕೆ ಹೋದಾಗಲೇ ರಹೀಂ ಅವರಿಗೆ ಕ್ಯಾನ್ಸರ್ ಇತ್ತು; ಮರುವರ್ಷ ಜೂನ್ 11ಕ್ಕೆ ತೀರಿಕೊಂಡರು. ಈ ಕಥೆಯನ್ನು ನೀವೆಲ್ಲ ಕೇಳಿದ್ದೀರಿ, ಚೆನ್ನಾಗಿ ಹೇಳುವವರೂ ಬೇಕಾದಷ್ಟು ಜನ ಇದ್ದಾರೆ. ಆದ್ದರಿಂದ ಇವತ್ತು ಜಕಾರ್ತ ಬೇಡ. ಹೈದರಾಬಾದಿನ ಕಾಚಿಗುಡದ ಮಿಡ್ಲ್ ಸ್ಕೂಲಿಗೆ ಹೋಗೋಣ.

ಯಾಕೆಂದರೆ ರಹೀಂ ಸಾಹೇಬರು ಮೊದಲು ಶಾಲಾ ಮೇಷ್ಟ್ರು. ಕಾಚಿಗುಡ ಆದಮೇಲೆ ದಾರುಲ್ ಉಲೂಮ್, ಚಾದರ್‌ಘಾಟ್ ಹೈಸ್ಕೂಲುಗಳಲ್ಲಿ ಪಾಠ ಮಾಡಿದವರು. 1943ರಿಂದ ಕೊನೆಯ ತನಕ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿ. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಬೊಂಬಾಯಿಯ ರೋವರ್ಸ್ ಕಪ್ ಪಂದ್ಯಾವಳಿ ಗೆದ್ದಿತು. ಆ ಐದು ಕಪ್‌ಗಳಿಗಿಂತ ನಮಗೆ, ಅಂದರೆ ಹತ್ತು ಹನ್ನೆರಡು ವರ್ಷದ ಮಕ್ಕಳ ಜೊತೆ ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ನಿಲ್ಲುವವರಿಗೆ, ಹೆಚ್ಚು ಬೇಕಾದದ್ದು ಅವರು ತಮ್ಮ ಊರಿನಲ್ಲಿ ನಡೆಸಿದ ಮೂರು ವಿಚಿತ್ರ ಪಂದ್ಯಾವಳಿಗಳು. ಒಂದು, ಅಭ್ಯಾಸವಿಲ್ಲದ ಕಾಲಿನಲ್ಲೇ ಆಡಬೇಕು ಅನ್ನುವುದು. ಎರಡು, ಡ್ರಿಬ್ಲಿಂಗ್, ಅಂದರೆ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಎದುರಾಳಿಗಳನ್ನು ದಾಟುವುದು, ಮಾಡಲೇಬಾರದು ಅನ್ನುವುದು. ಮೂರು, ಎತ್ತರ ಕಮ್ಮಿ ಇರುವವರಿಗೆ ಮಾತ್ರ.

ಇದರಲ್ಲಿ ಒಂದು ಉಪಾಯ ಇದೆ. ‘ಎಡಗಾಲು ಬಳಸೋ’ ಅಂತ ಹುಡುಗನಿಗೆ ನೂರು ಸಲ ಕಿರುಚಿದರೆ ಅವನು ನೂರು ಸಲ ತಲೆಯಾಡಿಸಿ ನೂರ ಒಂದನೇ ಸಲ ಬಲಗಾಲಲ್ಲೇ ಒದೆಯುತ್ತಾನೆ. ಆಟದ ನಿಯಮವನ್ನೇ ಬದಲಿಸಿ ಕಪ್ ಇಟ್ಟರೆ ಅವನೇ ದಾರಿ ಹುಡುಕಿಕೊಳ್ಳುತ್ತಾನೆ, ಕೋಚ್‌ಗೆ ಬಾಯಿ ಮುಚ್ಚಿ ನೋಡುವುದಕ್ಕೆ ಬಿಡುವು ಸಿಗುತ್ತದೆ. ಈ ನೋಡುವ ಕೆಲಸದ ಬಗ್ಗೆಯೇ ಇವತ್ತಿನ ಮಾತು. ಮಕ್ಕಳ ಕೋಚ್ ಅನ್ನು ಮೆಚ್ಚಬೇಕಾದರೆ ಅವರ ಷೋಕೇಸಿನಲ್ಲಿ ಎಷ್ಟು ಕಪ್ ಇವೆ ಅಂತ ಎಣಿಸುವ ಬದಲು, ಒಬ್ಬೊಬ್ಬ ಮಗುವಿನ ಬಗ್ಗೆ ಅವರಿಗೆ ಏನೇನು ನೆನಪಿದೆ ಅಂತ ಕೇಳಬೇಕು.

ಮೊದಲು ಎಡಗಾಲಿನ ಪಂದ್ಯಾವಳಿ. ಎಡಗಾಲು ಅಂತ ಸುಲಭಕ್ಕೆ ಹೇಳುತ್ತಿದ್ದೇವೆ. ಎಡಚನಿಗೆ ಅದು ಬಲಗಾಲು.

ಬಲಗಾಲಿನ ಹುಡುಗ ಎಡಗಾಲಲ್ಲಿ ಒದ್ದರೆ ಚೆಂಡು ಯಾಕೆ ಎಲ್ಲೆಲ್ಲೋ ಹೋಗುತ್ತದೆ? ‘ಎಡಗಾಲಲ್ಲಿ ಶಕ್ತಿ ಇಲ್ಲ’ ಅಂತ ಎಲ್ಲರೂ ಹೇಳುತ್ತಾರೆ. ಬಗ್ಗಿ ಕೂತು ಪಾದಗಳನ್ನೇ ನೋಡಿ, ಬೇರೆ ವಿಷಯ ಕಾಣುತ್ತದೆ. ಎಡವಟ್ಟಾಗುವುದು ಒದೆಯುವ ಕಾಲಿನಲ್ಲಲ್ಲ, ನಿಂತ ಕಾಲಿನಲ್ಲಿ. ಇಷ್ಟು ವರ್ಷ ಆ ಹುಡುಗನ ಎಡಗಾಲು ನೆಲಕ್ಕೆ ಊರಿ ನಿಂತು ಮೈಭಾರ ಹೊತ್ತಿದೆ, ಬಲಗಾಲು ಬೀಸಿದೆ. ಈಗ ಕೆಲಸ ಅದಲುಬದಲು. ಮೈಭಾರ ಹೊತ್ತು ಗೊತ್ತೇ ಇಲ್ಲದ ಬಲಗಾಲು ಊರಬೇಕು. ಅದು ಚೆಂಡಿಗಿಂತ ಹಿಂದೆಯೇ ಊರಿಕೊಂಡರೆ ಹುಡುಗ ಹಿಂದಕ್ಕೆ ವಾಲುತ್ತಾನೆ, ಚೆಂಡು ಆಕಾಶಕ್ಕೆ ಏರುತ್ತದೆ. ಚೆಂಡಿಗೆ ತೀರಾ ಅಂಟಿಕೊಂಡು ಊರಿದರೆ ಸೊಂಟ ತಿರುಗುವುದಕ್ಕೆ ಜಾಗ ಸಿಗುವುದಿಲ್ಲ, ಚೆಂಡು ಕಾಲ್ಗಂಟಿಗೆ ಬಡಿಯುತ್ತದೆ. ಸರಿಯಾದ ಜಾಗ ಚೆಂಡಿನ ಪಕ್ಕಕ್ಕೆ, ಒಂದು ಗೇಣು ದೂರ. ಹೆಬ್ಬೆರಳು ಪಾಸ್ ಹೋಗಬೇಕಾದ ಕಡೆ ನೋಡಬೇಕು, ಮಂಡಿ ಚೂರು ಬಗ್ಗಿರಬೇಕು.

ಇನ್ನೊಂದು ಸೂಕ್ಷ್ಮ ಇದೆ. ಬಲಗಾಲಲ್ಲಿ ಒದೆಯುವಾಗ ಹುಡುಗ ಚೆಂಡಿನ ಎಡಬದಿಯಿಂದ ಓರೆಯಾಗಿ ಓಡಿ ಬರುತ್ತಾನೆ. ಎಡಗಾಲಲ್ಲಿ ಒದೆಯಬೇಕಾದರೆ ಬಲಬದಿಯಿಂದ ಬರಬೇಕು. ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಅವನು ನೇರವಾಗಿ ಓಡಿ ಬರುತ್ತಾನೆ, ಬೀಸುವುದಕ್ಕೆ ಜಾಗ ಇಲ್ಲದೆ ಹೆಬ್ಬೆರಳಲ್ಲಿ ಕುಟ್ಟುತ್ತಾನೆ. ಚೆಂಡಿನ ಬಲಗಡೆ ಮೂರು ಹೆಜ್ಜೆ ದೂರದಲ್ಲಿ, ಸ್ವಲ್ಪ ಹಿಂದೆ, ಒಂದು ಕೋನ್ ಇಟ್ಟು ಅಲ್ಲಿಂದ ಶುರು ಮಾಡು ಅಂದರೆ ಸಾಕು, ಹತ್ತು ಒದೆತದಲ್ಲಿ ಅರ್ಧ ಸಮಸ್ಯೆ ಹೋಗುತ್ತದೆ.

ನಿಂತ ಕಾಲನ್ನು ಪಳಗಿಸುವುದಕ್ಕೆ ದೊಡ್ಡ ಸಲಕರಣೆ ಏನೂ ಬೇಡ. ಕುಂಟೆಬಿಲ್ಲೆ ಆಡಿಸಿ. ನೆಲದಲ್ಲಿ ಮನೆ ಗೀಚಿ, ಬಲಗಾಲಿನ ಹುಡುಗನಿಗೆ ಬಲಗಾಲಲ್ಲೇ ಕುಂಟಲು ಹೇಳಿ. ವಾರಕ್ಕೆ ಮೂರು ದಿನ, ಐದೈದು ನಿಮಿಷ. ಮೊದಮೊದಲು ಅವರು ಬಲಗಾಲಲ್ಲಿ ನಿಂತು ತೂರಾಡುವುದನ್ನು ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ. ಗೋಲ್‌ಗೆ ರಪ್ಪನೆ ಹೊಡೆಯುವ ಕಾಲು ನೆಟ್ಟಗೆ ನಿಲ್ಲಲಾರದು.

ಪಂದ್ಯಾವಳಿ ನಡೆಸುವ ಕ್ರಮ ಹೀಗೆ. ಹತ್ತರಿಂದ ಹನ್ನೆರಡು ವರ್ಷದ 24 ಮಕ್ಕಳು ಅಂದುಕೊಳ್ಳಿ. ನಾಲ್ಕು ನಾಲ್ಕು ಮಕ್ಕಳ ಆರು ತಂಡ, ಗೋಲ್‌ಕೀಪರ್ ಇಲ್ಲ. ಮೈದಾನವನ್ನು 25 ಮೀಟರ್ ಉದ್ದ, 18 ಮೀಟರ್ ಅಗಲದ ಎರಡು ಅಂಕಣ ಮಾಡಿ. ಗೋಲ್ ಅಂದರೆ ಎರಡು ಮೀಟರ್ ಅಂತರದಲ್ಲಿ ಎರಡು ಕೋನ್. ನಾಲ್ಕನೇ ಸೈಜಿನ ಚೆಂಡು. ಪ್ರತಿ ಪಂದ್ಯ 8 ನಿಮಿಷ, ನಡುವೆ 2 ನಿಮಿಷ ನೀರು. ಎಲ್ಲರೂ ಎಲ್ಲರ ವಿರುದ್ಧ ಆಡಿದರೆ 15 ಪಂದ್ಯ. ಎರಡು ಅಂಕಣದಲ್ಲಿ ಎಂಟು ಸುತ್ತು, ಒಟ್ಟು 80 ನಿಮಿಷ. ಒಬ್ಬ ಹುಡುಗನಿಗೆ 40 ನಿಮಿಷ ಆಟ ಸಿಕ್ಕಿತು. ಬಿಡುವಿನಲ್ಲಿರುವ ತಂಡಗಳು ರೆಫರಿ ಕೆಲಸ ಮಾಡಲಿ, ಅದರಲ್ಲೂ ಕಲಿಯುವುದಿದೆ: ಬೇರೆಯವರ ತಪ್ಪು ಕಾಲು ಹಿಡಿಯಬೇಕಾದರೆ ಪಾದ ನೋಡಲೇಬೇಕು.

ಯಾವ ಕಾಲಲ್ಲಿ ಒದೆಯಬಾರದೋ ಆ ಕಾಲಿಗೆ ಬಣ್ಣದ ಬಟ್ಟೆಯ ಪಟ್ಟಿ ಕಟ್ಟಿ, ಮಂಡಿಯ ಕೆಳಗೆ, ಸಡಿಲವಾಗಿ. ಆ ಕಾಲಲ್ಲಿ ಪಾಸ್ ಮಾಡಿದರೆ ಅಥವಾ ಗೋಲ್‌ಗೆ ಹೊಡೆದರೆ ಎದುರಾಳಿಗೆ ಫ್ರೀ ಕಿಕ್, ಮೂರು ಮೀಟರ್ ಜಾಗ ಬಿಡಬೇಕು. ಹತ್ತು ವರ್ಷದೊಳಗಿನವರು ಚೆಂಡು ನಿಲ್ಲಿಸಲು ಯಾವ ಕಾಲನ್ನಾದರೂ ಬಳಸಲಿ. ಎರಡೂ ಕಟ್ಟಿಹಾಕಿದರೆ ಆಟವೇ ನಿಂತುಹೋಗುತ್ತದೆ.

ಪಟ್ಟಿ ಕಟ್ಟುವಾಗ ಮೊದಲ ಕಳ್ಳಾಟ. ‘ನನ್ನದು ಎಡಗಾಲೇ ಸರ್’ ಅಂತ ಬಲಗಾಲಿನವನು ಎಡಗಾಲು ಮುಂದೆ ಮಾಡುತ್ತಾನೆ, ಬಲಗಾಲನ್ನು ಆಟಕ್ಕೆ ಉಳಿಸಿಕೊಳ್ಳುವುದಕ್ಕೆ. ಅದನ್ನು ಹಿಡಿಯಲು ಪರೀಕ್ಷೆ ಮಾಡಬೇಕಿಲ್ಲ. ಹಿಂದಿನ ವಾರಗಳಲ್ಲಿ ನೀವು ಅವನನ್ನು ನೋಡಿದ್ದರೆ ನಿಮಗೆ ಗೊತ್ತಿರುತ್ತದೆ. ಗೊತ್ತಿಲ್ಲ ಅಂದರೆ ಈ ಪಂದ್ಯಾವಳಿ ನಡೆಸುವ ದಿನ ಇನ್ನೂ ಬಂದಿಲ್ಲ ಅಂತ ಅರ್ಥ. ಅನುಮಾನ ಇದ್ದರೆ ಅವನು ಯಾರ ಜೊತೆಗೋ ಮಾತಾಡುತ್ತಿರುವಾಗ ಚೆಂಡು ಉರುಳಿಸಿ, ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ.

ಇನ್ನು ಕೆಡುವುದು ಎಲ್ಲೆಲ್ಲಿ? ಮೊದಲ ಎರಡು ಮೂರು ಪಂದ್ಯ ಗೋಲೇ ಬರುವುದಿಲ್ಲ. ಕೋಚ್‌ಗೆ ಗಾಬರಿ ಆಗಿ ನಿಯಮ ಸಡಿಲ ಮಾಡಿಬಿಡುತ್ತಾರೆ. ಮಾಡಬೇಡಿ; ಬೇಕಿದ್ದರೆ ಗೋಲನ್ನು ಮೂರು ಮೀಟರ್ ಅಗಲ ಮಾಡಿ. ಎರಡನೆಯದು ಗೆರೆಯಾಚೆಯ ಅಪ್ಪಂದಿರು. ‘ಹೊಡಿಯೋ, ಬಲಗಾಲಲ್ಲಿ ಹೊಡಿಯೋ’ ಅಂತ ಅಭ್ಯಾಸಬಲದಿಂದ ಕೂಗುತ್ತಾರೆ. ಅವರನ್ನು ಕೂರಿಸಿ ಮೊದಲೇ ಹೇಳಿಬಿಡಿ, ಇಲ್ಲವೇ ಅವರ ಕೈಗೂ ಒಂದೊಂದು ಸೀಟಿ ಕೊಟ್ಟು ರೆಫರಿ ಮಾಡಿ. ಮೂರನೆಯದು ಗಾಯ. ಅಭ್ಯಾಸವಿಲ್ಲದ ಕಾಲಲ್ಲಿ ಜೋರಾಗಿ ಉದ್ದುದ್ದ ಒದ್ದರೆ ತೊಡೆಸಂದು ಹಿಡಿದುಕೊಳ್ಳುತ್ತದೆ. ಅಂಕಣ ಚಿಕ್ಕದಿರಬೇಕು ಅನ್ನುವುದು ಅದಕ್ಕೇ. ತಿಂಗಳಿಗೆ ಒಂದು ದಿನ ಸಾಕು, ಉಳಿದ ದಿನ ಅಭ್ಯಾಸದಲ್ಲಿ ಹತ್ತು ಹತ್ತು ನಿಮಿಷ.

ನಾಲ್ಕನೆಯದನ್ನು ಕೆಡುವುದು ಅನ್ನಲಾರೆವು, ಕಾಣಿಸಿಕೊಳ್ಳುವುದು ಅನ್ನಬಹುದು. ತಂಡದ ಹೀರೋ ಅನ್ನಿಸಿಕೊಂಡ ಹುಡುಗ ಆ ದಿನ ಚೆಂಡು ಬಾರದ ಜಾಗ ಹುಡುಕಿಕೊಂಡು ನಿಲ್ಲುತ್ತಾನೆ. ಯಾವತ್ತೂ ಬೆಂಚಿನಲ್ಲಿ ಕೂರುತ್ತಿದ್ದವನು, ಎರಡೂ ಕಾಲು ಸಮನಾಗಿ ಸುಮಾರಾಗಿ ಇರುವವನು, ಏಕಾಏಕಿ ಮೇಲೆ ಬರುತ್ತಾನೆ. ಎರಡನ್ನೂ ಬರೆದುಕೊಳ್ಳಿ.

ಡ್ರಿಬ್ಲಿಂಗ್ ಇಲ್ಲದ ಪಂದ್ಯಾವಳಿಗೆ ಬರೋಣ. ಇದರ ಹಿಂದಿನ ಕಾರಣ ಅರ್ಥ ಮಾಡಿಕೊಳ್ಳದೆ ನಕಲು ಹೊಡೆದರೆ ಮಕ್ಕಳಿಗೆ ನಷ್ಟ. ಆ ಕಾಲದ ನಮ್ಮ ಆಟಗಾರರಿಗೆ ಡ್ರಿಬ್ಲಿಂಗ್ ಧಾರಾಳವಾಗಿತ್ತು. ಗಲ್ಲಿಯಲ್ಲಿ, ಬರಿಗಾಲಲ್ಲಿ, ಇಪ್ಪತ್ತು ಜನರ ನಡುವೆ ಚೆಂಡು ಉಳಿಸಿಕೊಳ್ಳುತ್ತಾ ಬೆಳೆದವರು. ಅವರಿಗೆ ಇಲ್ಲದ್ದು ವೇಗ. ಚೆಂಡು ಬಂದ ತಕ್ಷಣ ಬಿಟ್ಟುಕೊಟ್ಟು ಖಾಲಿ ಜಾಗಕ್ಕೆ ಓಡುವ ಅಭ್ಯಾಸ ಅವರಿಗಿರಲಿಲ್ಲ. ರಹೀಂ ಸಾಹೇಬರು ಆಟದ ವೇಗ ಹೆಚ್ಚಿಸಲು ಡ್ರಿಬ್ಲಿಂಗ್ ಕಿತ್ತುಹಾಕಿದರು. 1956ರ ಮೆಲ್ಬರ್ನ್‌ನಲ್ಲಿ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದ್ದು ಇಂಥ ಆಟ ಕಲಿತ ತಂಡ. ನೆವಿಲ್ ಡಿಸೋಜಾ ಅವತ್ತು ಮೂರು ಗೋಲು ಹೊಡೆದರು.

ನಮ್ಮ ಈಗಿನ ಮಕ್ಕಳ ಕಥೆ ಉಲ್ಟಾ. ಅವರಿಗೆ ಗಲ್ಲಿ ಇಲ್ಲ. ವಾರಕ್ಕೆ ಮೂರು ದಿನ ಅಕಾಡೆಮಿ, ಕೋನ್‌ಗಳ ನಡುವೆ ಸಾಲು, ಪಾಸ್ ಪಾಸ್ ಅಂತ ಕೂಗು. ಎಂಟು ವರ್ಷದ ಮಗುವಿಗೆ ‘ಎರಡೇ ಟಚ್’, ಎರಡೇ ಸಲ ಚೆಂಡು ಮುಟ್ಟಿ ಬಿಟ್ಟುಕೊಡು, ಅಂದರೆ ಚೆಂಡಿನ ಮೇಲಿನ ಮೋಹವೇ ಹೊರಟುಹೋಗುತ್ತದೆ. ಆದ್ದರಿಂದ ಹತ್ತು ವರ್ಷದೊಳಗಿನವರಿಗೆ ಈ ಪಂದ್ಯಾವಳಿ ಬೇಡವೇ ಬೇಡ ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ಅವರಿಗೆ ತಿರುಗುಮುರುಗು ನಿಯಮ ಮಾಡಿ: ಒಬ್ಬನನ್ನಾದರೂ ದಾಟಿದ ಮೇಲೆಯೇ ಪಾಸ್. ಹನ್ನೆರಡು ದಾಟಿದವರಿಗೆ ಸಾಹೇಬರ ನಿಯಮ ಹಾಕಿ.

ಹಾಕುವಾಗ ಮೊದಲ ದಿನ ಮೂರು ಟಚ್, ಒಂದೆರಡು ವಾರ ಆದಮೇಲೆ ಎರಡು. ಅಂಕಣ ಎಡಗಾಲಿನ ಆಟಕ್ಕಿಂತ ದೊಡ್ಡದಿರಬೇಕು, ಐದೈದು ಜನಕ್ಕೆ 40 ಮೀಟರ್ ಉದ್ದ, 25 ಅಗಲ. ಜಾಗ ಇಕ್ಕಟ್ಟಾದರೆ ಎರಡು ಟಚ್ ನಿಯಮದಿಂದ ಪಾಸ್ ಬರುವುದಿಲ್ಲ, ಕಣ್ಣು ಮುಚ್ಚಿ ದೂರಕ್ಕೆ ಎತ್ತಿ ಒದೆಯುವುದು ಬರುತ್ತದೆ. ಹಾಗಾದ ಕೂಡಲೇ ಎರಡೂ ತಂಡಕ್ಕೆ ಸೇರುವ ಇಬ್ಬರನ್ನು ಬೇರೆ ಬಣ್ಣದ ಬಿಬ್ ಹಾಕಿ ಒಳಗೆ ಬಿಡಿ. ಚೆಂಡು ಯಾರ ಹತ್ತಿರ ಇದೆಯೋ ಅವರ ಕಡೆ ಇವರು. ಪಾಸ್ ಕೊಡಲು ಸದಾ ಇಬ್ಬರು ಹೆಚ್ಚಿಗೆ ಸಿಗುತ್ತಾರೆ, ಎತ್ತಿ ಒದೆಯುವ ಆತುರ ಇಳಿಯುತ್ತದೆ. ಇಲ್ಲಿ ಕೋಚ್ ನೋಡಬೇಕಾದದ್ದು ಚೆಂಡನ್ನಲ್ಲ, ಚೆಂಡು ಬರುವ ಮೊದಲು ಹುಡುಗನ ಕತ್ತು ತಿರುಗುತ್ತದೋ ಇಲ್ಲವೋ ಅನ್ನುವುದನ್ನು. ಹಿಂದೆ ಯಾರಿದ್ದಾರೆ ಅಂತ ಮೊದಲೇ ನೋಡಿಕೊಂಡವನಿಗೆ ಎರಡು ಟಚ್ ಧಾರಾಳ. ನೋಡದವನಿಗೆ ಐದೂ ಸಾಲದು. ಐದು ನಿಮಿಷ ಒಬ್ಬನನ್ನೇ ನೋಡಿ, ಕತ್ತು ಎಷ್ಟು ಸಲ ತಿರುಗಿತು ಅಂತ ಎಣಿಸಿ, ಬರೆದಿಡಿ. ಮೂರು ತಿಂಗಳು ಬಿಟ್ಟು ಮತ್ತೆ ಎಣಿಸಿ.

ಮೂರನೆಯದು ಎತ್ತರದ ಮಿತಿಯ ಪಂದ್ಯಾವಳಿ. ಜನ್ಮದಿನಾಂಕದ ಕಾಗದ ನಂಬುವಂತಿಲ್ಲದ ಕಾಲದಲ್ಲಿ ಗೋಡೆಯ ಮೇಲಿನ ಗೆರೆ ಸುಳ್ಳು ಹೇಳುತ್ತಿರಲಿಲ್ಲ. ಕುಳ್ಳ ಹುಡುಗನಿಗೆ, ತನ್ನ ಭುಜಕ್ಕೆ ಭುಜ ತಾಗುವವರ ಜೊತೆ ಆಡಲು ಅವಕಾಶ. ಈಗ ಅಂತರರಾಷ್ಟ್ರೀಯ 17 ವರ್ಷದೊಳಗಿನ ಟೂರ್ನಿಗಳಲ್ಲಿ ಮಣಿಕಟ್ಟಿನ ಎಂಆರ್‌ಐ ತೆಗೆದು ವಯಸ್ಸು ನೋಡುತ್ತಾರೆ. ಆದರೆ ವಯಸ್ಸು ಪ್ರಾಮಾಣಿಕವಾಗಿದ್ದರೂ ತೊಂದರೆ ತಪ್ಪುವುದಿಲ್ಲ. ಜನವರಿ 1 ಗಡಿ ಅಂದುಕೊಳ್ಳಿ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ಒಂಬತ್ತು ವರ್ಷದ ಮಗುವಿಗೆ ಆ ಅಂತರ ಅಂದರೆ ಇಡೀ ಆಯುಸ್ಸಿನ ಒಂಬತ್ತರಲ್ಲಿ ಒಂದು ಪಾಲು. ಆಯ್ಕೆಯ ದಿನ ದಪ್ಪ, ಎತ್ತರ, ವೇಗ ಕಣ್ಣಿಗೆ ಹೊಡೆಯುತ್ತವೆ. ಡಿಸೆಂಬರಿನವನು ಮನೆಗೆ ಹೋಗುತ್ತಾನೆ. ನಿಮ್ಮ ತಂಡದ ಪಟ್ಟಿ ತೆಗೆದು ಹುಟ್ಟಿದ ತಿಂಗಳನ್ನು ಪಕ್ಕದಲ್ಲಿ ಬರೆದು ನೋಡಿ. ಮೊದಲ ಮೂರು ತಿಂಗಳಿನವರೇ ತುಂಬಿದ್ದರೆ ನೀವು ಆಯ್ದದ್ದು ಆಟಗಾರರನ್ನೋ ಕ್ಯಾಲೆಂಡರನ್ನೋ ಅಂತ ಕೇಳಿಕೊಳ್ಳಬೇಕಾಗುತ್ತದೆ.

ಆಯ್ಕೆ ಒಂದಕ್ಕೇ ಅಲ್ಲ, ಎತ್ತರದ ಅಳತೆ ಇನ್ನೊಂದು ಕೆಲಸಕ್ಕೂ ಬರುತ್ತದೆ. ಮೂರು ತಿಂಗಳಿಗೊಮ್ಮೆ ಅಳೆಯಿರಿ. ಬೆಳಿಗ್ಗೆಯೇ ಅಳೆಯಬೇಕು, ಸಂಜೆ ಹೊತ್ತಿಗೆ ಬೆನ್ನುಮೂಳೆ ಒತ್ತಿಕೊಂಡು ಒಂದು ಸೆಂಟಿಮೀಟರ್‌ವರೆಗೆ ಕಮ್ಮಿ ತೋರಿಸಬಹುದು. ಶೂ ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆಯ ಮೇಲೆ ಪುಸ್ತಕ ಇಟ್ಟು ಗೆರೆ ಎಳೆಯಿರಿ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್‌ಗಿಂತ ಜಾಸ್ತಿ ಎದ್ದಿದ್ದರೆ ಆ ಮಗು ರಭಸದಿಂದ ಬೆಳೆಯುತ್ತಿದೆ ಅಂತ ಲೆಕ್ಕ. ಮೂಳೆ ಮುಂದೆ ಓಡುತ್ತದೆ, ಸ್ನಾಯು ಹಿಂದೆ ಉಳಿಯುತ್ತದೆ. ಎಂಟರಿಂದ ಹದಿಮೂರರ ಮಕ್ಕಳಿಗೆ ಹಿಮ್ಮಡಿಯ ಹಿಂಭಾಗ, ಅದಕ್ಕಿಂತ ಸ್ವಲ್ಪ ದೊಡ್ಡವರಿಗೆ ಮಂಡಿಚಿಪ್ಪಿನ ಕೆಳಗಿನ ಗುಬಟು ನೋಯುವುದು ಇದರಿಂದಲೇ. ಅಲ್ಲಿ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ, ಬಿಗಿದ ಸ್ನಾಯು ಅದನ್ನೇ ಎಳೆಯುತ್ತದೆ. ನೆಗೆತ, ಜೋರು ಶಾಟ್, ಮೇಲೆ ಕೆಳಗೆ ಓಟ ಕಡಿಮೆ ಮಾಡಿ, ಚೆಂಡಿನ ಜೊತೆಗಿನ ನಿಧಾನದ ಕೆಲಸ ಜಾಸ್ತಿ ಮಾಡಿ. ನೋವು ಹೋಗದಿದ್ದರೆ ಅಥವಾ ಕುಂಟಿದರೆ ವೈದ್ಯರು. ನಿನ್ನೆ ತನಕ ಚೆಂದ ಆಡುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಎಡವತೊಡಗಿದರೆ ‘ಗಮನ ಎಲ್ಲಿದೆ, ಮೊಬೈಲ್ ಜಾಸ್ತಿ ಆಯ್ತಾ’ ಅಂತ ಬೈಯುವ ಮುನ್ನ ಗೋಡೆಯ ಗೆರೆ ನೋಡಿ. ಕಾಲು ಉದ್ದವಾಗಿದೆ, ಅವನಿಗೆ ಅದರ ಲೆಕ್ಕ ಇನ್ನೂ ಸಿಕ್ಕಿಲ್ಲ, ಅಷ್ಟೇ.

ಕಾಲಿನ ಮಾತು ಬಂತು, ಶೂ ಬಗ್ಗೆ ಎರಡು ಮಾತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ರಹೀಂ ಸಾಹೇಬರ ತಂಡ ಯುಗೊಸ್ಲಾವಿಯಾ ಎದುರು 10-1ರಿಂದ ಸೋತಿತು. ನಮ್ಮವರಲ್ಲಿ ಬಹುಪಾಲು ಜನ ಬರಿಗಾಲಲ್ಲಿದ್ದರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಅದರ ನಂತರವೇ ಬೂಟು ಕಡ್ಡಾಯ ಆದದ್ದು. ಇವತ್ತು ಬೂಟಿಗೆ ಬರ ಇಲ್ಲ, ಆಯ್ಕೆ ತಪ್ಪುತ್ತಿದೆ. ಟಿವಿಯಲ್ಲಿ ನೋಡಿದ, ಅಡಿಯಲ್ಲಿ ಮೊಳೆಯಂಥ ಚೂಪು ಸ್ಟಡ್ ಇರುವ ಶೂ ಕೊಡಿಸುತ್ತಾರೆ. ಅದು ಮೆತ್ತನೆ ಹುಲ್ಲಿಗೆ ಮಾಡಿದ್ದು. ನಮ್ಮ ಗಟ್ಟಿ ಕೆಮ್ಮಣ್ಣಿನ ಮೈದಾನದಲ್ಲಿ ಆ ಸ್ಟಡ್ ಇಳಿಯುವುದಿಲ್ಲ, ಇಡೀ ಮೈಭಾರ ಅಂಗಾಲಿನ ನಾಲ್ಕಾರು ಚುಕ್ಕೆಗಳ ಮೇಲೆ ಬೀಳುತ್ತದೆ. ಪುಟ್ಟ ಪುಟ್ಟ ರಬ್ಬರ್ ಗುಬ್ಬಿಗಳಿರುವ ಟರ್ಫ್ ಶೂ ಸಾಕು, ಬೆಲೆಯೂ ಸಾಮಾನ್ಯವಾಗಿ ಕಮ್ಮಿ. ಇನ್ನು ‘ಬೆಳೀತಾನಲ್ಲ’ ಅಂತ ಎರಡು ಸೈಜು ದೊಡ್ಡದು ಕೊಡಿಸಿದರೆ ಪಾದ ಒಳಗೇ ಜಾರಿ ಬೊಬ್ಬೆ ಏಳುತ್ತದೆ, ಉಗುರು ಕಪ್ಪಾಗುತ್ತದೆ. ಹೆಬ್ಬೆರಳಿನ ಮುಂದೆ ಅರ್ಧ ಬೆರಳಿನಷ್ಟು ಜಾಗ, ಅದಕ್ಕಿಂತ ಹೆಚ್ಚು ಬೇಡ. ಆಡುವಾಗ ಹಾಕುವ ಸಾಕ್ಸ್ ಹಾಕಿಕೊಂಡೇ ಅಂಗಡಿಗೆ ಹೋಗಬೇಕು.

ಈಗ ನೆನಪಿನ ವಿಷಯ.

ಹಳೆಯ ಕೋಚ್‌ಗಳನ್ನು ಸನ್ಮಾನ ಮಾಡಿ ಮಾತಾಡಿಸಿದಾಗ ಅವರ ನೆನಪುಗಳು ಒಂದೇ ಥರ ಬರುತ್ತವೆ. ಇಂಥವನು ನನ್ನ ಶಿಷ್ಯ, ಇಂಥವನು ರಾಜ್ಯಕ್ಕೆ ಆಡಿದ, ಇಂಥವನಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ತಪ್ಪೇನಿಲ್ಲ, ಖುಷಿಯ ಮಾತು. ಆದರೆ ಉಳಿದವರು? ನೂರು ಮಕ್ಕಳಲ್ಲಿ ಗೆದ್ದ ಮೂವರು ನೆನಪಿದ್ದರೆ ಆ ಮೂವರು ಬೇರೆ ಯಾರ ಕೈಯಲ್ಲಿದ್ದರೂ ಗೆಲ್ಲುತ್ತಿದ್ದರೇನೋ. ಮೂರನೇ ತಿಂಗಳಿಗೆ ಬರುವುದು ನಿಲ್ಲಿಸಿದವನು ಯಾಕೆ ನಿಲ್ಲಿಸಿದ ಅನ್ನುವ ನೆನಪು ಇದ್ದರೆ ಆ ಕೋಚ್ ಮುಂದಿನ ವರ್ಷ ಬೇರೆ ಥರ ಕಲಿಸುತ್ತಾರೆ.

ತಲೆಯನ್ನು ನಂಬಬೇಡಿ, ಅದು ಗೋಲುಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಇನ್ನೂರು ಪುಟದ ಒಂದು ಲಾಂಗ್‌ಬುಕ್ ತನ್ನಿ. ಒಂದು ಮಗುವಿಗೆ ನಾಲ್ಕು ಪುಟ. ಪ್ರತಿ ದಿನ ಎಲ್ಲರ ಬಗ್ಗೆ ಬರೆಯುತ್ತೇನೆ ಅಂತ ಹೊರಟವರು ಎರಡನೇ ವಾರಕ್ಕೆ ಕೈಬಿಡುತ್ತಾರೆ. ದಿನಕ್ಕೆ ನಾಲ್ಕೇ ಮಕ್ಕಳು, ಅವತ್ತು ಆ ನಾಲ್ವರ ಮೇಲೆ ಕಣ್ಣು. ವಾರಕ್ಕೆ ಮೂರು ದಿನ ಅಭ್ಯಾಸ ಇದ್ದರೆ 24 ಮಕ್ಕಳದ್ದು ಎರಡು ವಾರದಲ್ಲಿ ಒಂದು ಸುತ್ತು ಮುಗಿಯುತ್ತದೆ. ಅಭ್ಯಾಸ ಮುಗಿದ ಮೇಲೆ, ಚೆಂಡುಗಳನ್ನು ಬಲೆಚೀಲಕ್ಕೆ ತುಂಬುವ ಮೊದಲು, ಅಲ್ಲೇ ಕೂತು ಬರೆಯಿರಿ. ಮನೆಗೆ ಹೋಗಿ ತಿಂಡಿ ತಿಂದು ಬರೆದರೆ ಅರ್ಧ ಮಾಸಿರುತ್ತದೆ.

ಬರೆಯುವ ರೀತಿ ಮುಖ್ಯ. ‘ಸೋಮಾರಿ’ ಅಂತ ಬರೆದರೆ ಅದು ತೀರ್ಪು. ಆರು ತಿಂಗಳು ಬಿಟ್ಟು ಓದಿದರೆ ಏನೂ ತಿಳಿಯುವುದಿಲ್ಲ. ‘ಚೆಂಡು ಕಳೆದುಕೊಂಡ ಮೇಲೆ ನಾಲ್ಕರಲ್ಲಿ ಮೂರು ಸಲ ನಿಂತುಬಿಟ್ಟ, ಮೊದಲ ಹತ್ತು ನಿಮಿಷ ಓಡಿದ್ದ’ ಅಂತ ಬರೆದರೆ ಕಂಡದ್ದು. ಓದಿದಾಗ ಪ್ರಶ್ನೆ ಏಳುತ್ತದೆ: ದಮ್ಮು ಇಲ್ಲವೇ? ಬೆಳಿಗ್ಗೆ ಏನಾದರೂ ತಿಂದು ಬರುತ್ತಾನಾ? ‘ಹೆದರುಪುಕ್ಕಲ’ ಬೇಡ. ‘ಎತ್ತರದಿಂದ ಚೆಂಡು ಬಂದಾಗ ಕಣ್ಣು ಮುಚ್ಚುತ್ತಾಳೆ, ನೆಲದ ಚೆಂಡಿಗೆ ಯಾರನ್ನೂ ಲೆಕ್ಕಿಸುವುದಿಲ್ಲ’ ಅಂತ ಬರೆಯಿರಿ. ಆ ಹುಡುಗಿಗೆ ಯಾವ ಅಭ್ಯಾಸ ಕೊಡಬೇಕು ಅನ್ನುವುದು ವಾಕ್ಯದಲ್ಲೇ ಇದೆ. ಅಂದಹಾಗೆ ಚಿಕ್ಕ ಮಕ್ಕಳಿಗೆ ತಲೆಯಲ್ಲಿ ಚೆಂಡು ಹೊಡೆಸುವ ಆತುರ ಯಾರಿಗೂ ಬೇಡ. ಅಮೆರಿಕದ ಫುಟ್‌ಬಾಲ್ ಸಂಸ್ಥೆ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಅದನ್ನು 2015ರಲ್ಲೇ ನಿಲ್ಲಿಸಿತು.

ಹಾಜರಿಯನ್ನೂ ಅದೇ ಪುಸ್ತಕದಲ್ಲಿ ಇಡಿ, ದಿನದ ಹೆಸರು ಸಮೇತ. ಒಬ್ಬ ಪ್ರತಿ ಗುರುವಾರ ತಪ್ಪಿಸುತ್ತಿದ್ದರೆ ಅದಕ್ಕೆ ಟ್ಯೂಷನ್ ಕಾರಣ ಇರಬಹುದು. ತಿಂಗಳ ಕೊನೆಯ ವಾರ ಮಾತ್ರ ಬಾರದಿದ್ದರೆ ಕಾರಣ ದುಡ್ಡು ಇರಬಹುದು. ಹುಡುಗಿಯರು ಹನ್ನೆರಡು ಹದಿಮೂರಕ್ಕೆ ಬಿಡುತ್ತಿದ್ದರೆ ಮೊದಲು ನಿಮ್ಮ ಮೈದಾನದಲ್ಲಿ ಬಟ್ಟೆ ಬದಲಿಸುವ ಕೋಣೆ, ಬಾಗಿಲು ಹಾಕುವ ಶೌಚಾಲಯ ಇದೆಯಾ ನೋಡಿ, ಆಮೇಲೆ ಆಸಕ್ತಿಯ ಮಾತಾಡೋಣ. ಈ ಪುಸ್ತಕವನ್ನು ಪೋಷಕರಿಗೆ ತೋರಿಸಬಾರದು, ಗುಂಪಿನಲ್ಲಿ ಓದಬಾರದು. ಮಗು ಮುಂದಿನ ವಯಸ್ಸಿನ ಗುಂಪಿಗೆ ಹೋದಾಗ ಅದರ ನಾಲ್ಕು ಪುಟ ಮುಂದಿನ ಕೋಚ್ ಕೈಗೆ ಹೋಗಬೇಕು. ನಮ್ಮಲ್ಲಿ ಬಹಳ ಕಡೆ ಹೋಗುವುದಿಲ್ಲ. ಹೊಸ ಕೋಚ್ ಸೊನ್ನೆಯಿಂದ ಶುರು ಮಾಡುತ್ತಾರೆ, ಮಗುವಿನ ಒಂದು ವರ್ಷ ಮಣ್ಣುಪಾಲು.

ರಹೀಂ ಸಾಹೇಬರ ನೆನಪುಗಳು ಹೀಗೆ ಕೈಯಿಂದ ಕೈಗೆ ಹೋದವು. ಅವರ ಮಗ ಎಸ್.ಎಸ್. ಹಕೀಂ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು, ಮುಂದೆ ಕೋಚ್ ಆದರು, ಫಿಫಾ ರೆಫರಿಯೂ ಆದರು. ಜಕಾರ್ತದ ಗೋಲು ಹೊಡೆದ ಪಿ.ಕೆ. ಬ್ಯಾನರ್ಜಿ ಆಟ ಬಿಟ್ಟ ಮೇಲೆ ಕೋಚ್ ಆದವರು. ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಹುಡುಗರನ್ನು ತಿದ್ದಿದರು. ತೊಂಬತ್ತರ ದಶಕದ ಮೊದಲಲ್ಲಿ ಅಲ್ಲಿ ಕಲಿತವರಲ್ಲಿ ಬೆಂಗಳೂರಿನ ಕಾರ್ಲ್ಟನ್ ಚಾಪ್‌ಮನ್ ಒಬ್ಬರು. ಮುಂದೆ ಭಾರತ ತಂಡದ ನಾಯಕರಾದರು, ಆಡುವುದು ಮುಗಿದ ಮೇಲೆ ಅದೇ ಅಕಾಡೆಮಿಗೆ ಮಕ್ಕಳಿಗೆ ಕಲಿಸಲು ಹೋದರು. 2020ರಲ್ಲಿ ಮಾರ್ಚ್‌ನಲ್ಲಿ ಪಿ.ಕೆ., ಅಕ್ಟೋಬರ್‌ನಲ್ಲಿ ಚಾಪ್‌ಮನ್, ಇಬ್ಬರೂ ಹೋದರು. ನಮ್ಮ ರಾಜ್ಯ 54 ವರ್ಷಗಳ ನಂತರ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದದ್ದನ್ನು ನೋಡಲು ಚಾಪ್‌ಮನ್ ಇರಬೇಕಿತ್ತು ಅಂತ ಅನ್ನಿಸುತ್ತದೆ.

ಕೊನೆಗೆ ಒಂದು ಸೈಕಲ್ಲಿನ ವಿಷಯ ಹೇಳಿ ಮುಗಿಸುತ್ತೇವೆ. ಸಿಕಂದರಾಬಾದ್ ಪಕ್ಕದ ಅಮ್ಮುಗುಡದ ತುಳಸಿದಾಸ್ ಬಲರಾಂ, 1956ರ ಮೆಲ್ಬರ್ನ್‌ನಲ್ಲೂ 1962ರ ಜಕಾರ್ತದಲ್ಲೂ ಇದ್ದವರು. ಹುಡುಗನಾಗಿದ್ದಾಗ ಆಟ ಕಂಡು ರಹೀಂ ಸಾಹೇಬರು ಅಭ್ಯಾಸಕ್ಕೆ ಬಾ ಅಂದರು. ಹೈದರಾಬಾದಿಗೆ ಬಂದು ಹೋಗಲು ಬಲರಾಂ ಕೈಯಲ್ಲಿ ಕಾಸಿಲ್ಲ. ಸಾಹೇಬರು ಬಾಡಿಗೆ ಸೈಕಲ್ಲಿಗೆ ದುಡ್ಡು ಕೊಟ್ಟರು. ಬಲರಾಂ 2023ರ ಫೆಬ್ರುವರಿಯಲ್ಲಿ ತೀರಿಕೊಳ್ಳುವವರೆಗೂ ಅದನ್ನು ಮರೆತಿರಲಿಲ್ಲ.

ನಿಮ್ಮ ಲಾಂಗ್‌ಬುಕ್ಕಿನಲ್ಲಿ ಪ್ರತಿ ಮಗುವಿನ ಮೊದಲ ಪುಟದ ಮೇಲ್ಗಡೆ, ಹುಟ್ಟಿದ ತಿಂಗಳು, ಒದೆಯುವ ಕಾಲು, ಎತ್ತರ ಆದಮೇಲೆ ಇನ್ನೊಂದು ಸಾಲು ಬಿಡಿ: ‘ಹೇಗೆ ಬರುತ್ತೆ?’ ನಡೆದೋ, ಅಪ್ಪನ ಸ್ಕೂಟರಲ್ಲೋ, ಎರಡು ಬಸ್ ಬದಲಿಸಿಯೋ. ಬಸ್ಸಿನಲ್ಲಿ ಬರುವವರಿದ್ದರೆ ಮೊದಲ ಹದಿನೈದು ನಿಮಿಷ ಸುಮ್ಮನೆ ಚಿಕ್ಕ ಗೋಲ್ ಇಟ್ಟು ಆಡಲು ಬಿಡಿ, ಬಂದವರು ಬಂದಹಾಗೆ ಸೇರಿಕೊಳ್ಳಲಿ. ತಡವಾಗಿ ಬಂದದ್ದಕ್ಕೆ ಮೈದಾನ ಸುತ್ತು ಹೊಡೆಸುವುದು ಆ ಬಸ್ಸಿಗೆ ಗೊತ್ತಾಗುವುದಿಲ್ಲ. ಹೊಸ ಪಾಠ ಆರೂ ಕಾಲಿಗೆ ಶುರು ಮಾಡಿ.

ಪ್ರಶ್ನೆಗಳಿದ್ದರೆ ಕೇಳಿ.